ಮಾತ್ರೆ ಮುಗಿದ ಮೇಲೆ

ಮೂವತ್ತೆಂಟು ವರ್ಷ ದಾದಿಯ ಕೆಲಸ ಮಾಡಿದವಳಿಗೆ ಹೊಗಳಿಕೆ ಹೊಸದಲ್ಲ, ಬೈಗುಳವೂ ಹೊಸದಲ್ಲ. ಎರಡನ್ನೂ ಕಹಿ ಔಷಧದಂತೆ ನುಂಗಿ, ನೀರು ಕುಡಿದು, ಮುಂದಿನ ಹಾಸಿಗೆಯ ರೋಗಿಯ ಕಡೆಗೆ ನಡೆಯುವುದು ನಮ್ಮ ವೃತ್ತಿಯ ರೂಢಿ. ಆದರೆ ಒಂದು ಹೊಗಳಿಕೆ ಮಾತ್ರ ಇಷ್ಟು ವರ್ಷವಾದರೂ ನನ್ನ ಗಂಟಲಿನಿಂದ ಕೆಳಗೆ ಇಳಿದಿಲ್ಲ. ಅದು ಏಕೆ ಇಳಿಯಲಿಲ್ಲವೆಂದು ವಿಚಾರ ಮಾಡುತ್ತ ಹೋದಾಗ ನನಗೆ ತೋರಿದ ಕೆಲವು ಸಂಗತಿಗಳನ್ನು ಓದುಗರ ಮುಂದೆ ಇಡುತ್ತಿದ್ದೇನೆ. ತೀರ್ಪು ಅವರಿಗೆ ಬಿಟ್ಟದ್ದು.

2015ರ ಜೂನ್ ತಿಂಗಳು. ನೇಪಾಳದ ಭೂಕಂಪದಲ್ಲಿ ನೊಂದವರ ಶುಶ್ರೂಷೆಗೆಂದು ಹೊರಟ ಒಂದು ತಂಡದ ಜೊತೆ ಹೋಗಿ, ಹದಿನೈದು ದಿನ ಅಲ್ಲಿದ್ದು, ನಮ್ಮೂರಾದ ಬೂಕನಕೆರೆಗೆ ಹಿಂದಿರುಗಿದ್ದೆ. ಅದರ ಹಿಂದಿನ ವರ್ಷವಷ್ಟೆ ಕೆಲಸದಿಂದ ನಿವೃತ್ತಳಾಗಿ, ಮೈಸೂರಿನ ಬಾಡಿಗೆಯ ಮನೆ ಬಿಟ್ಟು, ತಂದೆಯ ಕಾಲದ ಹೆಂಚಿನ ಮನೆಗೆ ಬಂದು ನೆಲೆಸಿದ್ದೆ. ಬಂದ ಮರುದಿನ ಗೋಗಾಲಮ್ಮನ ಗುಡಿಗೆ ಹೋದಾಗ ಅಲ್ಲಿದ್ದ ಹೆಂಗಸರೆಲ್ಲ ನನ್ನನ್ನು ಸುತ್ತುಗಟ್ಟಿದರು. ಅವರಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನೂ ಇದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ನನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು. ಆಕೆ ನನ್ನ ಕೈ ಹಿಡಿದು, “ಪರದೇಸ್ದೋರ್ಗೆ ಔಸ್ದಿ ಕೊಟ್ಟು ಪುಣ್ಯ ಕಟ್ಕೊಂಡ್ ಬಂದೆ ಕಣವ್ವ. ನಮ್ಗೂ ಒಸಿ ಕೊಡು” ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ನಡೆಯುವಾಗ ಆ ‘ಪುಣ್ಯ’ವೆಂಬ ಮಾತು ಗಂಟಲಿನಲ್ಲಿ ಸಿಕ್ಕಿಕೊಂಡಿತು. ಏಕೆಂದರೆ ಅಲ್ಲಿ ನಾನು ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂಬ ಲೆಕ್ಕ ನನಗೆ ಗೊತ್ತಿತ್ತು.

ಈ ಲೆಕ್ಕ ನನ್ನ ಬಾಲ್ಯದಿಂದಲೇ ಮೊದಲಾಗುತ್ತದೆ. ಕೊಡುವವಳಾಗುವುದಕ್ಕೆ ಮುಂಚೆ ನಾನು ತೆಗೆದುಕೊಂಡವಳು. 1962ರ ಸುಮಾರಿಗೆ ಎಂದು ತೋರುತ್ತದೆ, ಹೊರಗಿನಿಂದ ಬಂದ ಒಂದು ತಂಡದವರು ನಮ್ಮ ಊರ ಶಾಲೆಯ ಅಂಗಳದಲ್ಲಿ ಎರಡು ದಿನ ಶಿಬಿರ ಹೂಡಿದರು. ನನಗೆ ಆಗ ಎಂಟು ವರ್ಷ. ಬಿಳಿಯ ಬಟ್ಟೆಯವರು, ಕೆಂಪು ಮುಖದವರು, ಜೀಪು, ಪೆಟ್ಟಿಗೆ — ನಮಗೆ ಜಾತ್ರೆಗಿಂತ ದೊಡ್ಡ ನೋಟ. ನಾಲಗೆ ಚಾಚು ಎಂದರು, ಚಾಚಿದೆ. ಕಣ್ಣಿನ ಕೆಳಗೆ ಬೆರಳಿಟ್ಟು ನೋಡಿ, ರಕ್ತ ಸಾಲದೆಂದು ಒಂದು ಕೆಂಪು ಟಾನಿಕ್ಕಿನ ಸೀಸೆ ಕೊಟ್ಟರು. ನಮ್ಮ ತಾಯಿಗೆ ಸಂತೋಷವೂ ಸಂಕೋಚವೂ ಆಯಿತು. ಬರಿಗೈಯಲ್ಲಿ ತೆಗೆದುಕೊಂಡು ಅಭ್ಯಾಸವಿಲ್ಲದ ಮನೆತನ. ಮರುದಿನ ಕಡಲೆಕಾಯಿ ಬೇಯಿಸಿ ಕುಕ್ಕೆಯಲ್ಲಿ ತುಂಬಿಕೊಂಡು ಹೋದಳು. ಅವರು ನಕ್ಕು, ಕೈಯಾಡಿಸಿ, ಬೇಡವೆಂದರು. ನಮ್ಮ ನೀರಿಗೆ ಅವರು ಹೆದರಿರಬೇಕೆಂದು ಇಂದು ನನಗೆ ಅರ್ಥವಾಗುತ್ತದೆ. ದಾದಿಯಾಗಿ ನಾನು ಅದನ್ನು ತಪ್ಪೆನ್ನಲಾರೆ. ಆದರೆ ಅಂದು ತಾಯಿ ತುಂಬಿದ ಕುಕ್ಕೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಹಿಂದಿರುಗಿದ ಮುಖ ನನ್ನ ಕಣ್ಣಿನಿಂದ ಹೋಗಿಲ್ಲ.

ಟಾನಿಕ್ಕು ಇಪ್ಪತ್ತು ದಿನಕ್ಕೆ ಮುಗಿಯಿತು. ಜೀಪು ಮತ್ತೆ ಬರಲಿಲ್ಲ. ಸೀಸೆಯ ಮೇಲಿನ ಅಕ್ಷರ ಊರಿನಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ. ತಾಯಿ ಅದರ ಮುಚ್ಚಳಕ್ಕೆ ತೂತು ಮಾಡಿ, ಬತ್ತಿ ಸೇರಿಸಿ, ಸೀಮೆಎಣ್ಣೆಯ ಬುಡ್ಡಿ ಮಾಡಿಕೊಂಡಳು. ನಾನು ಮಗ್ಗಿ ಕಲಿತದ್ದು ಆ ಬುಡ್ಡಿಯ ಬೆಳಕಿನಲ್ಲಿ. ಆ ಶಿಬಿರದಿಂದ ನಮಗೆ ಏನೂ ಆಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಆದದ್ದು ಅವರು ಎಣಿಸಿದ್ದಲ್ಲ, ಅಷ್ಟೆ.

ಮಾರನೆಯ ವರ್ಷ ನನ್ನ ತಮ್ಮನಿಗೆ ವಿಷಮಶೀತಜ್ವರ ಬಂತು. ಚಿನಕುರಳಿ, ಪಾಂಡವಪುರ, ಶ್ರೀರಂಗಪಟ್ಟಣಗಳ ಮೇಲೆ ಬಸ್ಸಿನಲ್ಲಿ ಮೈಸೂರಿಗೆ ಹೋಗಿ, ಜನ ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಗೆ ಸೇರಿಸಿದರು. ಇಂಗ್ಲೆಂಡಿನ ಮೆಥೊಡಿಸ್ಟ್ ಮಿಷನ್ನಿನವರು 1906ರಲ್ಲಿ ಸ್ಥಾಪಿಸಿದ ಆಸ್ಪತ್ರೆ ಅದು. ಅವರು ಬಂದದ್ದು ತಮ್ಮ ಮತವನ್ನು ಹೇಳುವುದಕ್ಕೂ ಹೌದು. ಅದು ನಮ್ಮ ಜನಕ್ಕೆ ತಿಳಿಯದ ಗುಟ್ಟೇನೂ ಆಗಿರಲಿಲ್ಲ. ಜನ ಮತವನ್ನು ಅಲ್ಲಿಯೇ ಬಿಟ್ಟು ಔಷಧವನ್ನು ತೆಗೆದುಕೊಂಡು ಬಂದರು. ಅಲ್ಲಿ ಒಬ್ಬ ಪರದೇಶದ ದಾದಿ ಇದ್ದಳು. ಬಂದು ಎಷ್ಟೋ ವರ್ಷವಾಗಿರಬೇಕು. ತಮ್ಮನನ್ನು ನೋಡಿದ ಕೂಡಲೆ ನಮ್ಮ ತಾಯಿಯನ್ನು ಕನ್ನಡದಲ್ಲಿಯೇ ಚೆನ್ನಾಗಿ ಬೈದಳು: “ಇಷ್ಟು ದಿನ ಎಲ್ಲಿ ಇದ್ದಿರಿ? ಮಗು ಬೇಡವಾ ನಿಮಗೆ?” ತಾಯಿ ಅತ್ತಳು, ಅಳುತ್ತಳುತ್ತಲೇ ಅವಳಿಗೆ ಧೈರ್ಯ ಬಂತು. ಊರಿಗೆ ಬಂದ ಮೇಲೆ ಎಲ್ಲರಿಗೂ ಹೇಳಿದ್ದು ಆ ಬೈಗುಳವನ್ನೇ. “ಬಯ್ಯೋರು ನಮ್ಮೋರು ಕಣ್ರವ್ವ” ಎನ್ನುತ್ತಿದ್ದಳು. ಹೊರಡುವ ದಿನ ತಾಯಿ ಕೊಟ್ಟ ಬೆಲ್ಲದ ಅಚ್ಚನ್ನು ಆ ದಾದಿ ಅಲ್ಲಿಯೇ ಒಡೆದು, ಒಂದು ಚೂರು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ವಾರ್ಡಿನ ಹುಡುಗಿಯರಿಗೆ ಹಂಚಿದಳು. ಆ ಹುಡುಗಿಯರು ನಮ್ಮ ಕಡೆಯವರು. ಅವಳ ಕೈಕೆಳಗೆ ಕೆಲಸ ಕಲಿಯುತ್ತಿದ್ದವರು. ಕಾಲ ಕಳೆದಂತೆ ಹೊರಗಿನಿಂದ ಬಂದವರು ಹೋದರು. ಆಸ್ಪತ್ರೆ ಇಲ್ಲಿಯವರ ಕೈಗೆ ಬಂತು.

ನಾನು ದಾದಿಯಾಗಬೇಕೆಂದು ನಿಶ್ಚಯ ಮಾಡಿದ್ದು ಆ ಬೆಲ್ಲದ ಚೂರನ್ನು ಕಂಡಾಗ. ಹಾಗೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ನಾನೇ ಪರದೇಶಕ್ಕೆ ಹೋದಾಗ ಬೆಲ್ಲ ತಿಂದವಳ ಹಾಗೆ ಹೋದೆನೋ, ಕಡಲೆಕಾಯಿ ಬೇಡವೆಂದವರ ಹಾಗೆ ಹೋದೆನೋ? ಪ್ರಶ್ನೆ ಇದು.

2015ರ ಏಪ್ರಿಲ್ 25ರಂದು, ಶನಿವಾರ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ನೇಪಾಳದಲ್ಲಿ ಭೂಮಿ ನಡುಗಿತು. ಸತ್ತವರು ಸುಮಾರು ಒಂಬತ್ತು ಸಾವಿರ. ಕಾಠ್ಮಂಡುವಿನ ಈಶಾನ್ಯಕ್ಕಿರುವ ಸಿಂಧುಪಾಲ್ಚೋಕ್ ಜಿಲ್ಲೆಯೊಂದರಲ್ಲಿಯೇ ಮೂರು ಸಾವಿರಕ್ಕೂ ಹೆಚ್ಚು. ಆ ದೇಶದಲ್ಲಿ ವಾರದ ರಜ ಶನಿವಾರ. ಅಂದು ಶಾಲೆ ಇದ್ದಿದ್ದರೆ, ಬಿದ್ದ ಶಾಲೆಗಳ ಕೆಳಗೆ ಎಷ್ಟು ಮಕ್ಕಳು ಸಿಕ್ಕುತ್ತಿದ್ದರೆಂಬುದನ್ನು ಅಲ್ಲಿಯವರು ಪ್ರತಿದಿನವೂ ನೆನೆದು ಕೈ ಮುಗಿಯುತ್ತಿದ್ದರು. ನಮ್ಮ ತಂಡ ಮೇ ತಿಂಗಳ ಮೊದಲ ವಾರದಲ್ಲಿ ಆ ಜಿಲ್ಲೆಯ ಒಂದು ಬೆಟ್ಟದೂರನ್ನು ಸೇರಿತು. ಗೋಡೆ ಬಿರಿದ ಶಾಲೆ, ಅದರ ಅಂಗಳದಲ್ಲಿ ಗುಡಾರ, ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋಗುವ ಜೋಳದ ಹೊಲ. ನನ್ನ ಎದೆಯ ಮೇಲೆ ‘ಸ್ವಯಂಸೇವಕಿ’ ಎಂದು ಬರೆದ ಒಂದು ಬಿಲ್ಲೆ.

ರೋಗಿಗಳು ಸಾಲುಗಟ್ಟಿ ಬಂದರು. ಮೊದಲ ಎರಡು ಮೂರು ದಿನ ಗಾಯ, ಮುರಿದ ಮೂಳೆ, ಕೀವು ಕಟ್ಟಿದ ಕಾಲು. ನನ್ನ ಕೈಗೆ ಗೊತ್ತಿದ್ದ ಕೆಲಸ. ಅದಾದ ಮೇಲೆ ಬಂದವರ ಕಾಯಿಲೆಗೂ ಭೂಕಂಪಕ್ಕೂ ಸಂಬಂಧವಿರಲಿಲ್ಲ. ಮಂಡಿನೋವು, ಹೊಟ್ಟೆಯುರಿ, ರಕ್ತದೊತ್ತಡ, ಹತ್ತು ವರ್ಷದ ಕೆಮ್ಮು. ಭೂಮಿ ನಡುಗದೆ ಇದ್ದಿದ್ದರೂ ಅವು ಇರುತ್ತಿದ್ದುವು. ನಡುಗಿದ್ದರಿಂದ ಅವನ್ನು ಕೇಳುವುದಕ್ಕೆ ನಾವು ಬಂದಿದ್ದೆವು. ನನಗೆ ಗೊತ್ತಿದ್ದ ನೇಪಾಳಿ ಒಂದೇ ವಾಕ್ಯ: “ಕಹಾಂ ದುಖ್ಛ?” ಎಲ್ಲಿ ನೋಯುತ್ತದೆ ಎಂದು ಅರ್ಥ. ನಮ್ಮಲ್ಲಿ ದುಃಖವೆಂದರೆ ಮನಸ್ಸಿನದು. ಅವರಲ್ಲಿ ಮಂಡಿಗೂ ಅದೇ ಮಾತು. ಒಬ್ಬ ಮುದುಕಿಯನ್ನು ಹೀಗೆ ಕೇಳಿದಾಗ ಆಕೆ ಮಂಡಿಯನ್ನು ತೋರಿಸಿದಳು, ಸೊಂಟವನ್ನು ತೋರಿಸಿದಳು, ಆಮೇಲೆ ಎದೆಯ ಮೇಲೆ ಅಂಗೈ ಇಟ್ಟು, “ಮನ್ ದುಖ್ಛ” ಎಂದಳು. ಅದಕ್ಕೆ ಯಾರ ಅನುವಾದವೂ ಬೇಕಾಗಲಿಲ್ಲ. ಅವಳ ಮನೆ ಬಿದ್ದಿತ್ತು. ಮೊಮ್ಮಗಳು ಅದರ ಕೆಳಗೆ ಹೋಗಿದ್ದಳು.

ಆಕೆಯ ರಕ್ತದೊತ್ತಡ 180ಕ್ಕೆ ಏರಿತ್ತು. ಡಾಕ್ಟರು ಮಾತ್ರೆ ಬರೆದರು. ನಮ್ಮ ಶಿಬಿರದ ಕಟ್ಟಳೆಯಂತೆ ಹದಿನೈದು ಮಾತ್ರೆ ಎಣಿಸಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟೆ. ಪಾಪ, ಆಕೆ ಪೊಟ್ಟಣ ಬಿಚ್ಚಿ, ಒಂದೊಂದಾಗಿ ಎಣಿಸಿ, ನನ್ನ ಮುಖ ನೋಡಿ ಕೇಳಿದಳು: “ಸಕಿಯೋ ಭನೇ?”

ಹಿಂದಿ ಬಲ್ಲ ಒಬ್ಬ ಶಾಲೆಯ ಹುಡುಗ ನಮಗೆ ದುಭಾಷಿ. ಅವನು ಹೇಳಿದ: ಮುಗಿದರೆ ಏನು ಮಾಡಬೇಕು ಎಂದು ಕೇಳುತ್ತಿದ್ದಾಳೆ.

ನನ್ನಲ್ಲಿ ಉತ್ತರವಿರಲಿಲ್ಲ. ಇದು ಹದಿನೈದು ದಿನದ ಜ್ವರವಲ್ಲ, ಬದುಕಿರುವವರೆಗೂ ನುಂಗಬೇಕಾದ ಮಾತ್ರೆ; ನಡುವೆ ನಿಲ್ಲಿಸಿದರೆ ಒತ್ತಡ ಮತ್ತೆ ಏರುತ್ತದೆಂದು ನಾನೇ ನೂರಾರು ಜನಕ್ಕೆ ಹೇಳಿದವಳು. ಅವಳ ಮಾತ್ರೆ ಮುಗಿಯುವ ದಿನ ನಾನು ಬೂಕನಕೆರೆಯಲ್ಲಿರುತ್ತೇನೆ. “ಆಮೇಲೆ ನೋಡೋಣ” ಎಂದುಬಿಟ್ಟೆ. ಹುಡುಗ ಅದನ್ನು ಏನೆಂದು ಅನುವಾದ ಮಾಡಿದನೋ ತಿಳಿಯದು.

ಮೇ 12ರಂದು ಮತ್ತೊಮ್ಮೆ ದೊಡ್ಡದಾಗಿ ನಡುಗಿತು. ನಾನು ಶಾಲೆಯ ಕೋಣೆಯೊಳಗೆ ಔಷಧದ ಪೆಟ್ಟಿಗೆಗಳ ನಡುವೆ ಕುಳಿತು ಮಾತ್ರೆ ಎಣಿಸುತ್ತಿದ್ದೆ. ಮೊದಲು ಸದ್ದು ಬಂತು, ಆಮೇಲೆ ನೆಲ ಜಾರಿತು. ಇಷ್ಟು ವರ್ಷ ಹೆದರಿದವರಿಗೆ ಧೈರ್ಯ ಹೇಳಿಕೊಂಡು ಬಂದವಳು ನಾನು. ಅಂದು ನನಗೆ ಏಳಲಾಗಲಿಲ್ಲ, ಕೂಗಲೂ ಆಗಲಿಲ್ಲ. ಹೊರಗೆ ಸಾಲಿನಲ್ಲಿ ನಿಂತಿದ್ದ ಅದೇ ಮುದುಕಿ ಒಳಗೆ ಬಂದು, ನನ್ನ ರಟ್ಟೆ ಹಿಡಿದು ದರದರನೆ ಎಳೆದುಕೊಂಡು ಹೋಗಿ, ಜೋಳದ ಹೊಲದಲ್ಲಿ ಕುಕ್ಕರಿಸಿದಳು. ನಡುಕ ನಿಲ್ಲುವವರೆಗೂ ನನ್ನ ತಲೆಯನ್ನು ತನ್ನ ಮಡಿಲಿಗೆ ಒತ್ತಿ ಹಿಡಿದಿದ್ದಳು. “ಬಹಿನಿ, ಬಹಿನಿ” ಎಂದು ಬೆನ್ನು ತಟ್ಟುತ್ತಿದ್ದಳು. ತಂಗಿ ಎಂದು ಅರ್ಥ. ಮಂಡಿನೋವಿನ ಮುದುಕಿ ಎಂದು ನಾನು ಚೀಟಿಯಲ್ಲಿ ಬರೆದವಳು ಇವಳೇ.

ಅಂದು ಸಂಜೆ ತನ್ನ ತಗಡಿನ ಜೋಪಡಿಗೆ ನನ್ನನ್ನು ಕರೆದುಕೊಂಡು ಹೋದಳು. ತಟ್ಟೆಯಲ್ಲಿ ಕಪ್ಪಗೆ, ಬಿಸಿಯಾಗಿ, ಉಂಡೆಯಾಗಿ ಏನೋ ಬಂತು. ಅವರು ಅದನ್ನು ಢಿಂಡೊ ಎನ್ನುತ್ತಾರೆ. ಬಾಯಿಗೆ ಹಾಕಿದೆ, ರಾಗಿ! ಅವರು ಕೋದೋ ಎನ್ನುವುದು ನಮ್ಮ ರಾಗಿಯನ್ನೇ. ಜೊತೆಗೆ ಹುಳಿಯೆಬ್ಬಿಸಿ ಒಣಗಿಸಿದ ಸೊಪ್ಪಿನ ಸಾರು. ಮಂಡ್ಯ ಸೀಮೆಯವಳಿಗೆ ಹಿಮಾಲಯದ ಮಗ್ಗುಲಿನಲ್ಲಿ ಮುದ್ದೆ ಸಿಕ್ಕಿತೆಂದರೆ ಓದುಗರು ನಗಬಹುದು. ನನಗೆ ಅಳು ಬಂತು. ಶಿಬಿರದಲ್ಲಿ ಹೊರಗಿನ ಊಟ ಮಾಡಬಾರದೆಂಬ ಎಚ್ಚರಿಕೆ ಇತ್ತು. ಕಡಲೆಕಾಯಿಯ ಕುಕ್ಕೆ ಕಣ್ಣ ಮುಂದೆ ಬಂತು. ತಟ್ಟೆ ಬರಿದಾಗುವವರೆಗೆ ಉಂಡೆ. ಭೂಕಂಪದಲ್ಲಿ ಉಳಿದ ಹಿಟ್ಟು ಅವಳ ಮನೆಯಲ್ಲಿ ಎಷ್ಟಿತ್ತೋ ಕೇಳಲಿಲ್ಲ.

ಆ ಜೋಪಡಿಯಲ್ಲಿಯೇ ನನಗೆ ಇನ್ನೊಬ್ಬ ಹೆಂಗಸಿನ ಪರಿಚಯವಾಯಿತು. ಐದಾರು ದಿನದಿಂದ ನಮ್ಮ ಶಿಬಿರದಲ್ಲಿ ಸಾಲು ಸರಿಪಡಿಸಲು ಅವಳನ್ನು ನಿಲ್ಲಿಸಿದ್ದೆವು, ಯಾರೆಂದು ಕೇಳಿರಲಿಲ್ಲ. ಅವಳು ಆ ಊರಿನ ಮಹಿಳಾ ಸ್ವಾಸ್ಥ್ಯ ಸ್ವಯಂಸೇವಿಕಾ. ನೇಪಾಳ ಸರ್ಕಾರ 1988ರಲ್ಲಿ ಏರ್ಪಡಿಸಿದ ಪದ್ಧತಿ ಅದು. ದೇಶದಲ್ಲೆಲ್ಲ ಅಂಥವರು ಸುಮಾರು ಐವತ್ತು ಸಾವಿರ ಮಂದಿ. ಸಂಬಳವಿಲ್ಲ. ವರ್ಷಕ್ಕೆ ಎರಡು ಸಲ ಮಕ್ಕಳಿಗೆ ವಿಟಮಿನ್ ‘ಎ’ ಹಾಕುವುದು, ಭೇದಿಯಾದಾಗ ಜೀವನಜಲದ ಪುಡಿಯನ್ನು ಕೊಟ್ಟು ಕಲಸುವುದನ್ನು ಹೇಳಿಕೊಡುವುದು, ಬಸುರಿಯರನ್ನು ವಿಚಾರಿಸುವುದು, ಎಲ್ಲ ಅವಳ ಪಾಲಿನ ಕೆಲಸ. ಮನೆ ಬಿದ್ದ ಮೇಲೆ ಅವಳು ಕಲ್ಲಿನಡಿಯಿಂದ ಮೊದಲು ಎಳೆದು ತೆಗೆದ ವಸ್ತುಗಳಲ್ಲಿ ತನ್ನ ದಾಖಲೆಯ ಪುಸ್ತಕವೂ ಒಂದು. ಯಾರಿಗೆ ಎಷ್ಟು ತಿಂಗಳು, ಯಾವ ಮಗು ಎಳಸು, ಯಾವ ಮುದುಕನಿಗೆ ಕ್ಷಯದ ಮಾತ್ರೆ ನಡೆಯುತ್ತಿದೆ, ಎಲ್ಲವೂ ಅದರಲ್ಲಿ. ನಾವು ಐದು ದಿನ ಕಷ್ಟಪಟ್ಟು ಕಂಡುಹಿಡಿದದ್ದನ್ನೆಲ್ಲ ಅವಳನ್ನು ಕೇಳಿದ್ದರೆ ಒಂದು ಗಂಟೆಯಲ್ಲಿ ಹೇಳುತ್ತಿದ್ದಳು.

ಸ್ವಯಂಸೇವಿಕಾ! ನನ್ನ ಎದೆಯ ಬಿಲ್ಲೆಯಲ್ಲಿದ್ದದ್ದೂ ಅದೇ ಮಾತು. ನನ್ನದು ಹದಿನೈದು ದಿನದ ಸೇವೆ. ಅವಳದು ಇಪ್ಪತ್ತು ವರ್ಷದ್ದು. ನನಗೆ ಊರಿನಲ್ಲಿ ಹಾರ ಕಾದಿತ್ತು. ಅವಳನ್ನು ನಾವು ಸಾಲು ನೋಡಿಕೊಳ್ಳಲು ನಿಲ್ಲಿಸಿದ್ದೆವು. ಅಂದು ರಾತ್ರಿ ಬಿಲ್ಲೆಯನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟೆ.

ಉಳಿದ ಒಂದು ವಾರ ನಾನು ಅವಳ ಕೈಕೆಳಗೆ ಕೆಲಸ ಮಾಡಿದೆ. ರಕ್ತದೊತ್ತಡದವರ, ಸಕ್ಕರೆ ಕಾಯಿಲೆಯವರ ಹೆಸರನ್ನೆಲ್ಲ ಅವಳ ಪುಸ್ತಕಕ್ಕೆ ಏರಿಸಿದೆವು. ಅವಳಿಗೆ ಒತ್ತಡ ಅಳೆಯುವುದನ್ನು ಕಲಿಸಿದೆ. ಎರಡು ದಿನಕ್ಕೆ ನನಗಿಂತ ಚೆನ್ನಾಗಿ ಕಲಿತಳು. ನಮ್ಮಲ್ಲಿದ್ದ ಯಂತ್ರವೊಂದನ್ನು ಡಾಕ್ಟರನ್ನು ಕಾಡಿ ಬೇಡಿ ಅವಳಿಗೇ ಬಿಡಿಸಿದೆ. ಒಬ್ಬೊಬ್ಬ ರೋಗಿಗೂ ಮಾತ್ರೆಯ ಹೆಸರನ್ನು ನೇಪಾಳಿಯಲ್ಲಿ ಬರೆಸಿದ ಚೀಟಿ ಕೊಟ್ಟು, ಮುಗಿಯುವುದಕ್ಕೆ ಮೂರು ದಿನ ಮುಂಚೆ ಯಾವ ಆರೋಗ್ಯ ಕೇಂದ್ರಕ್ಕೆ ಹೋಗಬೇಕೆಂಬುದನ್ನು ಹೇಳಿದೆವು. ಔಷಧ ಅಲ್ಲಿ ಸಿಕ್ಕಿತೋ ಇಲ್ಲವೋ, ನನಗೆ ಗೊತ್ತಿಲ್ಲ. ಮುದುಕಿಯ ಪ್ರಶ್ನೆಗೆ ನಾನು ಕೊಡಬಹುದಾಗಿದ್ದ ಉತ್ತರ ಅಷ್ಟೆ, ಅದೂ ತಡವಾಗಿ.

ಹಾಗಾದರೆ ಇಂಥ ಉಪಕಾರವೇ ಬೇಡವೆ? ಹೊಳೆಗೆ ಬಿದ್ದವನನ್ನು ಎತ್ತುವವನು, ನಾಳೆ ಇವನ ಗತಿಯೇನೆಂದು ದಡದಲ್ಲಿ ನಿಂತು ವಿಚಾರ ಮಾಡುವುದುಂಟೆ? ಇಲ್ಲ. ರಕ್ತ ಸುರಿಯುವ ಗಾಯಕ್ಕೆ, ಅಡ್ಡವಾದ ಮಗುವಿಗೆ, ಮುರಿದ ಕಾಲಿಗೆ ಇಂದಿನ ಕೈ ಬೇಕು, ಯಾರದಾದರೂ ಸರಿ. ಆದರೆ ಹೊಳೆಗೆ ಬಿದ್ದವನು ಬೇರೆ, ಹೊಳೆಯ ದಡದಲ್ಲಿ ಬಾಳುವವನು ಬೇರೆ. ಮೊದಲನೆಯವನಿಗೆ ಎತ್ತುವ ತೋಳು ಬೇಕು. ಎರಡನೆಯವನಿಗೆ ದಿನವೂ ದಾಟುವ ಸೇತುವೆ. ನಾವು ಮಾಡುವ ತಪ್ಪು, ಮೊದಲನೆಯವನಿಗಾಗಿ ಹೋಗಿ, ಎರಡನೆಯವನನ್ನು ಒಂದು ಸಲ ಎತ್ತಿ ಇಳಿಸಿ, ಕೈ ಒರೆಸಿಕೊಂಡು ಬರುವುದು.

ಪರದೇಶಕ್ಕೆ ಶುಶ್ರೂಷೆಗೆಂದು ಹೋದ ದಾದಿಯರಲ್ಲಿ ಎಲ್ಲರಿಗಿಂತ ಪ್ರಸಿದ್ಧಳಾದ ಫ್ಲಾರೆನ್ಸ್ ನೈಟಿಂಗೇಲಳ ಕಥೆಯನ್ನು ನಾವು ದೀಪದೊಡನೆ ನಿಲ್ಲಿಸಿಬಿಡುತ್ತೇವೆ. ಅದರ ಮುಂದಿನ ಭಾಗವೇ ನನಗೆ ದೊಡ್ಡದೆನ್ನಿಸುತ್ತದೆ. 1854ರಲ್ಲಿ ಮೂವತ್ತೆಂಟು ದಾದಿಯರೊಡನೆ ತುರ್ಕಿಯ ಸ್ಕುಟಾರಿಗೆ ಹೋದಳು, ಹಗಲಿರುಳು ದುಡಿದಳು. ಆದರೂ ಆ ಚಳಿಗಾಲದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ವಾಂತಿಭೇದಿ, ಜ್ವರಗಳಿಂದ ಸತ್ತರು. ಆಸ್ಪತ್ರೆಯ ಕೆಳಗೇ ಕೊಳೆತ ಚರಂಡಿ. 1855ರ ಮಾರ್ಚಿಯಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯದ ಆಯೋಗ ಬಂದು ಅದನ್ನು ತೊಳೆಸಿದ ಮೇಲೆಯೇ ಸಾವು ಇಳಿಯಿತು. ಯುದ್ಧ ಮುಗಿದು ಊರಿಗೆ ಬಂದ ಮೇಲೆ, ಅಂಕಿ ಅಂಶಗಳನ್ನು ಜೋಡಿಸಿ ನೋಡಿದಾಗ, ತನ್ನ ಆರೈಕೆಯಲ್ಲಿದ್ದ ಆಸ್ಪತ್ರೆಯೇ ಎಷ್ಟೋ ಜನರ ಸಾವಿಗೆ ಕಾರಣವಾಗಿತ್ತೆಂಬುದು ಅವಳಿಗೆ ತಿಳಿಯಿತು. ಲೋಕವೆಲ್ಲ ಹಾಡಿ ಹೊಗಳುತ್ತಿರುವಾಗ ಆ ಲೆಕ್ಕವನ್ನು ಮುಚ್ಚಿಡಬಹುದಾಗಿತ್ತು. ಮುಚ್ಚಿಡಲಿಲ್ಲ, ಉಳಿದ ಆಯುಸ್ಸನ್ನು ಆ ಲೆಕ್ಕದ ಮೇಲೆಯೇ ಕಟ್ಟಿದಳು. ಸದುದ್ದೇಶ ಚರಂಡಿಯನ್ನು ತೊಳೆಯುವುದಿಲ್ಲ ಎಂಬುದು ಅವಳು ಕಲಿತ ಪಾಠ. ಅವಳ ದೀಪ ಇದ್ದದ್ದು ಅಲ್ಲಿ.

1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಲಕ್ಷಗಟ್ಟಳೆಯಾಗಿ ನಮ್ಮ ದೇಶಕ್ಕೆ ಬಂದಾಗ, ಗಡಿಯ ಬನಗಾಂವ್‌ನಲ್ಲಿ ಕಾಲರಾ ಎದ್ದಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸು, ಸೋಡ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಲೋಟದಲ್ಲಿ ಕುಡಿಸುವ ಕೆಲಸವನ್ನು ರೋಗಿಗಳ ತಾಯಂದಿರಿಗೆ, ನೆಂಟರಿಗೆ ಬಿಟ್ಟರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಔಷಧ ದೊಡ್ಡದಾಗಿತ್ತು, ನಿಜ. ಆದರೆ ಅದನ್ನು ಕುಡಿಸುವ ವಿದ್ಯೆಯನ್ನು ತಾಯಿಯ ಕೈಗೆ ಒಪ್ಪಿಸಿದ್ದು ಅದಕ್ಕಿಂತ ಚಿಕ್ಕದಲ್ಲ. ಡಾಕ್ಟರು ಹೋದ ಮೇಲೂ ಆ ಕೈ ಅಲ್ಲಿಯೇ ಇರುತ್ತದೆ. ನಮ್ಮ ಹಳ್ಳಿಯ ಸೂಲಗಿತ್ತಿಯರಿಗೆ ಇದು ಹೊಸ ತತ್ತ್ವವಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಅಂಥವರು ಶಿಬಿರ ಹೂಡಿದವರಲ್ಲ. ಕರೆದಾಗ ಬರುವಷ್ಟು ಹತ್ತಿರದಲ್ಲಿ ಇದ್ದವರು.

ಹತ್ತಿರ ಇರುವುದೆಂದಾಗ ಡಾಕ್ಟರ್ ಕೋಟ್ನೀಸರ ನೆನಪಾಗುತ್ತದೆ. ಕನ್ನಡವೂ ಕೇಳಿಬರುವ ಗಡಿಯ ಸೊಲ್ಲಾಪುರದವರು. 1938ರಲ್ಲಿ ಭಾರತದಿಂದ ಚೀನಕ್ಕೆ ಹೋದ ಐವರು ವೈದ್ಯರಲ್ಲಿ ಒಬ್ಬರು. ಉಳಿದವರು ಹಿಂದಿರುಗಿದರು, ಇವರು ಚೀನಿ ಭಾಷೆ ಕಲಿತು, ಅಲ್ಲಿಯ ಒಬ್ಬ ದಾದಿಯನ್ನು ಮದುವೆಯಾಗಿ, 1942ರ ಡಿಸೆಂಬರಿನಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಎಲ್ಲರೂ ಕೋಟ್ನೀಸರಾಗಲಾರರು, ಆಗಬೇಕೆಂದು ಕೇಳುವ ಹಕ್ಕೂ ಯಾರಿಗೂ ಇಲ್ಲ. ಹಿಂದಿರುಗಿದ ನಾಲ್ವರು ತಪ್ಪು ಮಾಡಿದರೆಂದೂ ನಾನು ಹೇಳಲಾರೆ. ಉಳಿಯಲಾರದವನಿಗೆ ಇನ್ನೊಂದು ದಾರಿ ಉಂಟು: ಉಳಿಯುವವರನ್ನು ಹುಡುಕಿ, ಅವರ ಕೈಕೆಳಗೆ ನಿಲ್ಲುವುದು.

ಇದನ್ನು ಹೇಳಲು ನಮ್ಮ ಭಾಷೆಯಲ್ಲಿಯೇ ಒಂದು ಮಾತಿದೆ. ದಾನವೆಂದರೆ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ಹನ್ನೆರಡನೆಯ ಶತಮಾನದ ಶರಣರು ಈ ಮಾತಿಗೆ ಬದಲಾಗಿ ದಾಸೋಹವನ್ನು ಎತ್ತಿ ಹಿಡಿದರು. 'ನಾನು ದಾಸ' ಎಂಬುದು ಅದರ ಅರ್ಥ. ಅಲ್ಲಿ ಉಣ್ಣುವವನು ಒಡೆಯ, ಬಡಿಸುವವನು ಆಳು. ಬಡಿಸುವವನಿಗೆ ಬಡಿಸಲು ಅವಕಾಶ ಸಿಕ್ಕಿತಲ್ಲ, ಋಣ ಅವನದು. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿ ನೂರಕ್ಕೆ ಎಂಬತ್ತು ಅಂಕ ತೆಗೆದಿದ್ದೆ. ಅರ್ಥವಾಗಲು ಒಂದು ತಗಡಿನ ಜೋಪಡಿಯಲ್ಲಿ ಇನ್ನೊಬ್ಬರ ಮುದ್ದೆ ಉಣ್ಣಬೇಕಾಯಿತು.

ಇಷ್ಟು ಕಲಿತು ಬಂದವಳು ಬುದ್ಧಿವಂತಳಾದಳೆಂದು ಓದುಗರು ತಿಳಿದಿದ್ದರೆ, ಉಳಿದದ್ದನ್ನೂ ಕೇಳಬೇಕು.

ಅದೇ ವರ್ಷದ ಶ್ರಾವಣದಲ್ಲಿ, ಒಂದು ಬೆಳಗಿನ ಜಾವ, ಪಕ್ಕದ ಮನೆಯಿಂದ ಕೂಗು ಕೇಳಿಸಿತು. ಓಡಿದೆ. ಅಕ್ಕ ಹಿತ್ತಲ ಬಾಗಿಲಲ್ಲಿ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಎಳೆದಿತ್ತು. ಬಲಗೈ, ಬಲಗಾಲು ಅವಳ ಮಾತು ಕೇಳುತ್ತಿರಲಿಲ್ಲ. ಲಕ್ವ ಹೊಡೆದಿತ್ತು. ಆಟೋದಲ್ಲಿ ಮಲಗಿಸಿಕೊಂಡು ಕೃಷ್ಣರಾಜಪೇಟೆಗೆ ಹೋಗುವಾಗ ಸೊಸೆಯನ್ನು ಕೇಳಿದೆ: ಒತ್ತಡಕ್ಕೆ ಮಾತ್ರೆ ನುಂಗುತ್ತಿದ್ದರೆ? ನುಂಗುತ್ತಿದ್ದರಂತೆ, ಮೂರು ವರ್ಷದಿಂದ. ಮಗ ದೂರದ ಕೆಲಸಕ್ಕೆ ಹೋದ ಮೇಲೆ ತಂದುಕೊಡುವವರು ಇಲ್ಲದೆ ಮೇ ತಿಂಗಳಿನಿಂದ ನಿಂತಿತ್ತಂತೆ. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು, ಬೇಸರವಿಲ್ಲದೆ, ಇದ್ದದ್ದನ್ನು ಇದ್ದಂತೆ ಹೇಳಿದಳು: “ಗುಡೀತಾವ ನಿಮ್ಮುನ್ನ ಕೇಳಿದ್ರಂತಲ್ಲಕ್ಕ. ನೀವು ನಕ್ಕೊಂಡ್ ಹೋದ್ರಂತೆ. ಆಮ್ಯಾಕೆ ಮತ್ತೆ ಕೇಳಾಕೆ ನಾಚ್ಕೆ ಪಟ್ಕೊಂಡ್ರು.”

“ನಮ್ಗೂ ಒಸಿ ಕೊಡು.” ಆಕೆ ಕೇಳಿದ್ದು ಪುಣ್ಯವನ್ನಲ್ಲ.

ಎರಡು ಸಾವಿರ ಕಿಲೋಮೀಟರಿಗೂ ಆಚೆ ಒಬ್ಬ ಮುದುಕಿ ತಿಳಿಯದ ಭಾಷೆಯಲ್ಲಿ ಕೇಳಿದ ಪ್ರಶ್ನೆಯನ್ನು ನಾನು ತಿಂಗಳುಗಟ್ಟಲೆ ಮನಸ್ಸಿನಲ್ಲಿ ಹೊತ್ತು ತಿರುಗಿದೆ. ಅದೇ ಪ್ರಶ್ನೆಯನ್ನು ಗೋಡೆಯಾಚೆಯ ಅಕ್ಕ ನನ್ನ ತಾಯ್ನುಡಿಯಲ್ಲಿ ಕೇಳಿದಾಗ ನನಗೆ ಕೇಳಿಸಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಮಾಡಿದವರು ನನ್ನನ್ನು ನೋಡಿಯೇ ಮಾಡಿದರೋ ಎನ್ನಿಸಿತು. ಅಕ್ಕ ಆಮೇಲೆ ನಾಲ್ಕು ವರ್ಷ ಬದುಕಿದಳು. ಬಲಗೈ ಮತ್ತೆ ಏಳಲಿಲ್ಲ. ಆ ನಾಲ್ಕು ವರ್ಷ ಅವಳ ತಲೆ ಬಾಚಿದವಳು ನಾನು. ಒಂದು ದಿನವೂ ಆ ಮಾತನ್ನು ಅವಳು ಎತ್ತಲಿಲ್ಲ.

ದೂರದ ನೋವು ನಮಗೆ ಏಕೆ ಬೇಗ ಕಾಣುತ್ತದೆ? ಅದಕ್ಕೆ ಒಂದು ಮೊದಲು, ಒಂದು ಕೊನೆ ಇರುತ್ತದೆ ಎಂದು ತೋರುತ್ತದೆ. ಹೋಗುವ ದಿನ ಗೊತ್ತು, ಬರುವ ದಿನ ಗೊತ್ತು. ನೆರೆಮನೆಯ ನೋವಿಗೆ ಹಿಂದಿರುಗುವ ಟಿಕೆಟು ಇರುವುದಿಲ್ಲ. ಇಂದು ಹಿಡಿದರೆ ನಾಳೆಯೂ ಹಿಡಿದಿರಬೇಕು. ನಾವು ದೂರಕ್ಕೆ ಹೋಗುವುದರಲ್ಲಿ ಕರುಣೆ ಎಷ್ಟು, ಈ ಬಿಡುಗಡೆಯ ಆಸೆ ಎಷ್ಟು ಎಂಬುದನ್ನು ಹೊರಡುವ ಮುಂಚೆ ಒಬ್ಬೊಬ್ಬರೂ ತಮ್ಮಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು. ಆದರೂ ಹೋಗಬಾರದೆಂದು ನಾನು ಹೇಳುವುದಿಲ್ಲ. ಹೋಗದಿದ್ದರೆ ನನಗೆ ಸೊಸೆಯ ಮಾತಿನ ಅರ್ಥವೂ ಆಗುತ್ತಿರಲಿಲ್ಲ. ಅಕ್ಕನಿಗೆ ವಯಸ್ಸಾಯಿತು, ವಿಧಿ ಎಂದು ಸುಮ್ಮನಾಗುತ್ತಿದ್ದೆ. ಪರದೇಶಕ್ಕೆ ಹೋದದ್ದರಿಂದ ಬಂದ ಲಾಭ ಇದು: ನನ್ನ ಊರು ನನಗೆ ಕಂಡಿತು. ಅದಕ್ಕೆ ತೆತ್ತ ಬೆಲೆ ನನ್ನದಲ್ಲ, ಅಕ್ಕನದು.

ನಮ್ಮಲ್ಲಿಯೂ ನೇಪಾಳದ ಆ ಹೆಂಗಸಿನಂಥವರು ಇದ್ದಾರೆ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಹಳ್ಳಿ ಹಳ್ಳಿಗೂ ಬಂದ ಆಶಾ ಕಾರ್ಯಕರ್ತೆಯರು. ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳೆಂಬ ಜಂಬದಲ್ಲಿ ನಾನು ಅವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅವರೇ ಗೌರವಧನ ಸಾಲದೆಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಯೆಲ್ಲ ಕುಳಿತರು. ಹಾರ ಹಾಕುವುದು ನಮಗೆ ಸುಲಭ. ಕೂಲಿ ಕೊಡುವುದು ಕಷ್ಟ. ಅಕ್ಕ ಮಲಗಿದ ವರ್ಷದಿಂದ ನಾನು ನಮ್ಮ ಊರಿನ ಆಶಾಳ ಜೊತೆ ಮನೆ ಮನೆಗೆ ಹೋಗುತ್ತೇನೆ. ಅವಳು ಮುಂದೆ, ನಾನು ಹಿಂದೆ. ನನ್ನ ಬಳಿ ಒಂದು ನಲವತ್ತು ಪುಟದ ನೋಟುಬುಕ್ಕು ಇದೆ. ಅದರಲ್ಲಿ ರೋಗದ ಹೆಸರಿಲ್ಲ, ಡಾಕ್ಟರ ಹೆಸರಿಲ್ಲ; ಯಾರ ಮನೆಯಲ್ಲಿ ಮಾತ್ರೆ ಯಾವ ದಿನ ಮುಗಿಯುತ್ತದೆ ಎಂಬುದು ಮಾತ್ರ ಇದೆ.

ಇದನ್ನು ಬರೆಯುತ್ತಿರುವಾಗಲೇ ಬೀದಿಯ ಕೊನೆಯ ಮನೆಯ ಮುದುಕ ಜಗಲಿಯ ಹತ್ತಿರ ಬಂದು ನಿಂತಿದ್ದಾನೆ. ಕೈಯಲ್ಲಿ ಖಾಲಿಯಾಗುತ್ತಿರುವ ಮಾತ್ರೆಯ ಹಾಳೆ. “ಇನ್ನೆರಡೇ ಅವೆ ಕಣವ್ವ” ಎನ್ನುತ್ತಿದ್ದಾನೆ. ಪೇಟೆಯ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇದೆ. ಏಳಬೇಕು.